ಚಳಿ ಮರೆಯದ ಕೋಳಿ

"ಎಲ್ಲರೂ ಒಂದು ಹೆಜ್ಜೆ ಹಿಂದೆ ಹೋಗಿ!" ಎಂದು ವಾಮನ ಅಂಚನ್ ಗಂಭೀರವಾಗಿ ಘೋಷಿಸಿದ.

ಎಲ್ಲರೂ ಎಂದರೆ ಹಿತ್ತಲಲ್ಲಿ ಇದ್ದವಳು ಅವನ ಹೆಂಡತಿ ಜಲಜಾಕ್ಷಿ ಒಬ್ಬಳೇ. ಉಳಿದವರು ಕೋಳಿಗಳು, ಅವು ಯಾರ ಮಾತನ್ನೂ ಕೇಳುವ ಜಾತಿಯಲ್ಲ. ಜಲಜಾಕ್ಷಿ ಒಂದಲ್ಲ, ನಾಲ್ಕು ಹೆಜ್ಜೆ ಹಿಂದೆ ಹೋಗಿ ತೆಂಗಿನಕಾಯಿ ಗೋಣಿಯ ಮರೆಯಲ್ಲಿ ನಿಂತಳು. ಗಂಡನ ಯಂತ್ರಗಳ ಹತ್ತಿರ ನಿಲ್ಲುವ ಉತ್ಸಾಹ ಅವಳಿಗೆ ಮದುವೆಯಾದ ವರ್ಷವೇ ಬಿಟ್ಟುಹೋಗಿತ್ತು.

ಒಮಾನ್ ದೇಶದ ಇಬ್ರಿ ಎಂಬ ಊರು, ಅದರ ಬೆನ್ನಿಗೇ ಮರಳುಗಾಡು. ಅಲ್ಲಿ ವಾಮನನದ್ದು ಎ.ಸಿ. ರಿಪೇರಿ ಕೆಲಸ. ಬೇಸಿಗೆಯಲ್ಲಿ ತಲೆ ತುರಿಸಲೂ ಪುರುಸೊತ್ತಿಲ್ಲ. ಡಿಸೆಂಬರ್ ಬಂತೆಂದರೆ ಊರಿನ ಎ.ಸಿ.ಗಳೆಲ್ಲ ಬಂದ್, ಇವನ ತಲೆ ಚಾಲೂ! ಹಿಂದಿನ ಚಳಿಗಾಲದಲ್ಲಿ ದೋಸೆಯನ್ನು ತಾನೇ ಮಗುಚಿ ಹಾಕುವ ಕಾವಲಿ ಮಾಡಿದ್ದ. ಅದರ ಮೊದಲ ದೋಸೆ ಈಗಲೂ ಅಡುಗೆಮನೆಯ ಫ್ಯಾನಿನ ಜೊತೆ ತಿರುಗುತ್ತಿದೆ.

ಈ ಸಲ ಕೋಳಿಗಳ ಸರದಿ. ಹಗಲು ಚಿಕ್ಕದಾಗುತ್ತಿದ್ದಂತೆ ಅವೆಲ್ಲ ಗರಿ ಉದುರಿಸಲು ಶುರುಮಾಡಿದ್ದವು. ಅದರಲ್ಲೂ ಜಲಜಾಕ್ಷಿಯ ಮುದ್ದಿನ ಕೆಂಚಿ! ಮದುವೆಗೆ ಹೊರಟ ಹೆಂಗಸಿನ ಹಾಗೆ ಕೆಂಪಗೆ ಮಿರುಗುತ್ತಿದ್ದ ಕೋಳಿ ಈಗ ಬಾಲದಲ್ಲಿ ಒಂದೇ ಗರಿ ಉಳಿಸಿಕೊಂಡು, ಬರಿಮೈಯಲ್ಲಿ, ಆದರೂ ಅದೇ ಠೀವಿಯಲ್ಲಿ ನಡೆಯುತ್ತಿತ್ತು. ಹೊಸ ಗರಿ ಬರುವವರೆಗೆ ಮೊಟ್ಟೆಯೂ ಇಲ್ಲ.

ಅದೇ ಸಮಯಕ್ಕೆ ವಾಮನನ ಅಕ್ಕ ರತ್ನಾವತಿ ಮಂಗಳೂರಿನಿಂದ ಬರುವವಳಿದ್ದಳು. ಶುಕ್ರವಾರ ಅವಳಿಗೆ ಕೋರಿ ರೊಟ್ಟಿ ಆಗಬೇಕು, ರೊಟ್ಟಿಯ ಮೇಲೆ ಸುರಿಯುವ ಗಸಿಗೆ ಊರ ಕೋಳಿಯೇ ಆಗಬೇಕು. ಅಂಗಡಿಯ ಬ್ರಾಯ್ಲರನ್ನು ಅವಳು ಕೋಳಿ ಎಂದು ಒಪ್ಪಿದವಳೇ ಅಲ್ಲ. ಸಂಬಂಧಿಕರ ಮನೆಯ ಔತಣಗಳಲ್ಲಿ ರತ್ನಾವತಿ ಮೊದಲ ತುಂಡು ಬಾಯಿಗಿಟ್ಟು ತಲೆಯಾಡಿಸಿದ ಮೇಲೆಯೇ ಪಂಕ್ತಿಗೆ ಬಡಿಸುವುದು!

"ಮೊಟ್ಟೆ ಇಡದ ಕೋಳಿಗೆ ಸುಮ್ನೆ ಕಾಳು ದಂಡ. ಅಕ್ಕನಿಗೆ ಕೆಂಚಿಯೇ ಆಗ್ಲಿ" ಎಂದಿದ್ದ ವಾಮನ.

"ಕೆಂಚಿ ಎಂತ ಊರ ಕೋಳಿ ಮಾರಾಯ್ರೆ? ಅದು ಹುಟ್ಟಿದ್ದು ಇಲ್ಲಿ. ಮಂಗಳೂರನ್ನು ಕನಸಲ್ಲೂ ಕಂಡದ್ದಿಲ್ಲ!"

"ಮನೆಯಲ್ಲಿ ಸಾಕಿದ್ದೆಲ್ಲ ಊರ ಕೋಳಿಯೇ. ಪಾಸ್‌ಪೋರ್ಟ್ ನೋಡ್ಲಿಕ್ಕೆ ಉಂಟಾ?"

ಜಲಜಾಕ್ಷಿಯ ಕಣ್ಣು ತುಂಬಿತು. ಪರದೇಶದ ಈ ಮನೆಯಲ್ಲಿ ಅವಳು ಬಾಗಿಲು ತೆರೆದ ಕೂಡಲೇ ಓಡಿ ಬರುವ ಜೀವ ಅದೊಂದೇ. ವಾಮನನೂ ಕಲ್ಲಲ್ಲ. ಒಂದು ಅವಕಾಶ ಕೊಟ್ಟ. ಶುಕ್ರವಾರದೊಳಗೆ ಕೆಂಚಿಗೆ ಗರಿ ಬಂದರೆ ಅದು ಬದುಕಲಿ, ಅಕ್ಕನಿಗೆ ಅಂಜಲ್ ಮೀನು ಹುರಿಯುವ. ಗರಿ ಬರಿಸುವುದು ತನ್ನ ಯಂತ್ರದ ಜವಾಬ್ದಾರಿ!

ಆ ಯಂತ್ರವೇ ಈಗ ಹಿತ್ತಲಲ್ಲಿ ನಿಂತಿದ್ದ 'ಗರಿಗೆದರಕ'. ಹಳೆ ಎ.ಸಿ.ಯ ಹೊಟ್ಟೆ, ಅದರ ಮೇಲೆ ಟಿ.ವಿ. ಡಿಶ್, ನೆತ್ತಿಗೆ ಕುಕ್ಕರಿನ ಸೀಟಿ.

"ಇಲ್ಲಿಯ ಚಳಿ ಚಳಿಯಾ? ಒಂದು ಶಾಲು ಹೊದ್ದರೆ ಸೆಕೆ! ಹಾಗಾಗಿ ಕೋಳಿಗಳಿಗೆ ಗರಿ ಬರಿಸ್ಲಿಕ್ಕೆ ಅರ್ಜೆಂಟಿಲ್ಲ" ಎಂದು ವಾಮನ ವಿವರಿಸಿದ. "ನನ್ನ ಯಂತ್ರ ಕೋಳಿಯ ಚರ್ಮಕ್ಕೆ ನೇರ ಸುದ್ದಿ ಕಳಿಸ್ತದೆ: ಹಿಮ ಬೀಳ್ತಾ ಉಂಟು, ಬೇಗ ಗರಿ ಹೊದ್ದುಕೋ ಅಂತ! ಚರ್ಮ ನಂಬಿದ್ರೆ ಆಯ್ತು."

ಯಂತ್ರದ ಗುಂಡಿ ತಿರುಗಿಸಿದ. ಯಂತ್ರ ನಡುಗಿತು, ಸೀಟಿ ಕೂಗಿತು. ಕೆಂಚಿ ಒಂದು ಕಣ್ಣಿನಿಂದ ಡಿಶ್ಶನ್ನು ನೋಡಿತು, ಇನ್ನೊಂದು ಕಣ್ಣಿನಿಂದ ಸೂರ್ಯನನ್ನು ನೋಡಿತು. ಸೂರ್ಯನನ್ನೇ ನಂಬಿತು. ಮರಳಲ್ಲಿ ಮೈಚಾಚಿ ಬಿಸಿಲು ಕಾಯಿಸುತ್ತ ಮಲಗಿದ್ದನ್ನು ಕಂಡು ವಾಮನ ಯಂತ್ರಕ್ಕೆ ಒಂದು ಒದೆ ಕೊಟ್ಟ. ಬಾಲದಲ್ಲಿದ್ದ ಒಂದು ಗರಿಯೂ ಆ ಸದ್ದಿಗೆ ಉದುರಿತು.

ಜಲಜಾಕ್ಷಿ ಒಳಗೆ ಹೋಗಿ ಆಮ್ಲೆಟ್ ಮಾಡಲು ಫ್ರಿಜ್ ತೆರೆದಳು. "ಇಲ್ಲಿ ಬನ್ನಿ ಒಮ್ಮೆ!"

ಅಂಗಡಿಯಿಂದ ತಂದ ಮೊಟ್ಟೆಗಳ ಮೈಮೇಲೆಲ್ಲ ಹಳದಿ ತುಪ್ಪಳ! ಒಂದೊಂದೂ ಉಣ್ಣೆಯ ಚೆಂಡಿನ ಹಾಗೆ ಮೆತ್ತಗೆ ಕೂತಿತ್ತು.

"ಯಂತ್ರ ಕೆಲಸ ಮಾಡಿದೆ!" ವಾಮನ ಕುಣಿದಾಡಿದ.

"ಕೋಳಿಗಲ್ಲ, ಆಮ್ಲೆಟಿಗೆ!"

"ಅಲ್ವೇ, ಯೋಚನೆ ಮಾಡು. ಇವು ಚಳಿಯಲ್ಲಿ ಇದ್ದವು, ಹಾಗಾಗಿ ಸುದ್ದಿ ನಂಬಿದವು. ಕೆಂಚಿಯನ್ನೂ ಸ್ವಲ್ಪ ಹೊತ್ತು ಫ್ರಿಜ್ಜಲ್ಲಿ ಕೂರಿಸಿದ್ರೆ..."

"ಮೊದಲು ನೀವು ಹೋಗಿ ಕೂತ್ಕೊಳ್ಳಿ!"

ಅಲ್ಲಿಗೆ ವಿಜ್ಞಾನ ನಿಂತಿತು. ಗುರುವಾರ ರತ್ನಾವತಿ ಬಂದಳು. ಚೀಲ ಇಳಿಸುವ ಮೊದಲೇ ಹಿತ್ತಲಿಗೆ ಹೋಗಿ, ಬೋಳು ಕೆಂಚಿಯ ತೊಡೆ ಹಿಸುಕಿ, "ಗರಿ ಕೀಳುವ ಕೆಲಸವೂ ಉಳಿಯಿತು ಜಲಜಾ!" ಎಂದಳು. ಜಲಜಾಕ್ಷಿ ಕೆಂಚಿಯನ್ನು ಎತ್ತಿಕೊಂಡು ಒಳಗೆ ನಡೆದಳು.

ಶುಕ್ರವಾರ ಬೆಳಿಗ್ಗೆ ಅವಳು ಕೆಂಚಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ವಾಮನನಿಗೆ ರಕ್ತ ಕಂಡರೆ ತಲೆ ತಿರುಗುವ ಕಾರಣ ಕೋಳಿ ಕೊಯ್ಯಿಸುವುದು ಯಾವಾಗಲೂ ಅವಳ ಪಾಲಿನ ಕೆಲಸ. ಓಣಿಯ ತಿರುವಿನಲ್ಲಿ ಹನೀಫಾಕರ ಕೋಲ್ಡ್ ಸ್ಟೋರ್. ಅವರೂ ಮಂಗಳೂರಿನವರೇ.

"ಹನೀಫಾಕ, ಒಂದು ಫ್ರೀಜರ್ ಕೋಳಿ ಕೊಡಿ. ಚರ್ಮ ಇರ್ಲಿ. ವಿಷಯ ನಮ್ಮ ಮನೆಯವರಿಗೆ ಗೊತ್ತಾಗ್ಬಾರ್ದು!"

"ನಾನು ಯಾರತ್ರ ಹೇಳ್ಲಿಕ್ಕೆ ಹೋಗ್ತೇನೆ ಜಲಜಕ್ಕ?" ಎಂದು ಹನೀಫಾಕ ಕಲ್ಲಿನಂಥ ಕೋಳಿಯೊಂದನ್ನು ಫ್ರೀಜರಿನ ತಳದಿಂದ ಎತ್ತಿ ತುಂಡು ಮಾಡಿಕೊಟ್ಟರು. ಕೆಂಚಿ ಮಾತ್ರ ಯಾರಿಗೂ ಕಾಣದ ಹಾಗೆ ಮನೆಯ ತಾರಸಿ ಸೇರಿ, ಎ.ಸಿ. ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿತು. ಜಲಜಾಕ್ಷಿ ನೀರುಳ್ಳಿ ಹೆಚ್ಚುತ್ತ ಧಾರಾಳವಾಗಿ ಅತ್ತಳು. ವಾಮನ ಪಾಪ ಎಂದು ತಾನೂ ಕಣ್ಣೊರೆಸಿಕೊಂಡ.

ಮಧ್ಯಾಹ್ನ ಗರಿಗರಿ ರೊಟ್ಟಿಯ ಮೇಲೆ ಕೆಂಪು ಗಸಿ ಬಿತ್ತು. ರತ್ನಾವತಿ ಕಣ್ಣು ಮುಚ್ಚಿ ಮೊದಲ ತುಂಡು ಬಾಯಿಗಿಟ್ಟಳು. ಜಲಜಾಕ್ಷಿ ಉಸಿರು ಬಿಗಿಹಿಡಿದು ನಿಂತಳು.

"ಆಹಾ! ಇದು ಊರ ಕೋಳಿ! ಬ್ರಾಯ್ಲರ್ ಹಾಕಿ ಮೋಸ ಮಾಡುವವರು ನನ್ನ ಹತ್ರ ಬರ್ಬೇಕು. ನಾಲಗೆಗೆ ತಾಗಿದ ಕೂಡಲೇ ಹಿಡೀತೇನೆ!"

ಜಲಜಾಕ್ಷಿ ಉಸಿರು ಬಿಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ಆ ಊಟ ಸುಖವಾಗಿ ಮುಗಿಯುತ್ತಿತ್ತು. ಆದರೆ ಅಕ್ಕನ ಎದುರು ಯಂತ್ರ ತೋರಿಸದೆ ವಾಮನನಿಗೆ ಅನ್ನ ಹೇಗೆ ಇಳಿದೀತು?

"ಅಕ್ಕಾ, ನೀನು ಕಿಟಕಿಯಿಂದ ನೋಡು. ಉಳಿದ ಕೋಳಿಗಳ ಮೇಲೆ ಯಂತ್ರವನ್ನು ಫುಲ್ ಇಡ್ತೇನೆ!"

"ಊಟದ ನಡುವೆ ಬೇಡಾಂದ್ರೆ ಬೇಡ!" ಎಂದು ಜಲಜಾಕ್ಷಿ ಕೂಗುವಷ್ಟರಲ್ಲಿ ಎಂಜಲು ಕೈಯಲ್ಲೇ ಹಿತ್ತಲಿಗೆ ಓಡಿ ಗುಂಡಿ ತಿರುಗಿಸಿದ್ದ. ಸೀಟಿ ಇಡೀ ಓಣಿಗೆ ಕೇಳಿತು. ಹಿತ್ತಲ ಕೋಳಿಗಳು ಆಕಳಿಸಿದವು.

ರತ್ನಾವತಿಯ ತಟ್ಟೆಯಲ್ಲಿ ಏನೋ ಸರಸರ ಎಂದಿತು.

"ಜಲಜಾ, ತುಂಡಿಗೆ ಮೀಸೆ ಬಂತು!"

ಮೀಸೆಯಲ್ಲ. ತೊಡೆಯ ತುಂಡಿನಿಂದ ಬೆಳ್ಳಗಿನ ಗರಿ ಏಳುತ್ತಿತ್ತು. ಅದರ ಪಕ್ಕ ಇನ್ನೊಂದು, ಮತ್ತೊಂದು! ತಿಂಗಳುಗಟ್ಟಲೆ ಫ್ರೀಜರಿನಲ್ಲಿ ಮರಗಟ್ಟಿದ್ದ ಆ ಕೋಳಿ ಗಸಿಯಲ್ಲಿ ಕೊತಕೊತ ಕುದಿದರೂ ಚಳಿಯನ್ನು ಮರೆತಿರಲಿಲ್ಲ. ಹಿಮದ ಸುದ್ದಿ ಮುಟ್ಟಿದ್ದೇ ತಡ, ಸಂಪೂರ್ಣ ನಂಬಿತು! ಪಾತ್ರೆಯ ಮುಚ್ಚಳ ಮೇಲೆದ್ದಿತು. ಮಸಾಲೆ ಮೆತ್ತಿದ ಗರಿಗಳು ಉಕ್ಕಿ ಮೇಜು ತುಂಬಿ ನೆಲಕ್ಕಿಳಿದವು. ವಾಮನ ಒಳಗೆ ಓಡಿ ಬಂದವನು ಬಾಗಿಲಲ್ಲೇ ನಿಂತ.

"ಕೆಂಚಿ ಕೆಂಪಲ್ವಾ? ಈ ಗರಿ ಬಿಳಿ ಹೇಗೆ?"

ಜಲಜಾಕ್ಷಿ, "ಬೇಯುವಾಗ ಬಣ್ಣ ಬಿಟ್ಟಿರ್ಬೇಕು" ಎಂದಳು. ನಂಬುವ ಹಾಗೆಯೇ ಹೇಳಿದಳು. ಅಷ್ಟರಲ್ಲಿ ಮೈತುಂಬ ಬಿಳಿ ಗರಿ ಅಂಟಿಸಿಕೊಂಡ ಹನೀಫಾಕ ಬೊಬ್ಬೆ ಹಾಕುತ್ತ ನುಗ್ಗಿದರು.

"ವಾಮನಣ್ಣ, ಆ ಸೀಟಿ ನಿಲ್ಲಿಸಿ! ನನ್ನ ಫ್ರೀಜರಿನ ಕೋಳಿಗಳಿಗೆಲ್ಲ ಗರಿ ಬಂದು ಮುಚ್ಚಳ ಹಾರಿತು! ಜಲಜಕ್ಕ, ಬೆಳಿಗ್ಗೆ ಗುಟ್ಟಲ್ಲಿ ತಕೊಂಡು ಹೋದ್ರಲ್ಲ, ಅದಕ್ಕೂ ಬಂತಾ?"

ಗುಟ್ಟು ಕಾಯ್ದ ರೀತಿ ಅದು! ಇನ್ನೇನಾದರೂ ಉಳಿದಿದ್ದರೆ ಅದನ್ನು ಕೆಂಚಿಯೇ ಮುಗಿಸಿತು. ಬೊಬ್ಬೆ ಕೇಳಿ ಪೆಟ್ಟಿಗೆಯಿಂದ ಹಾರಿ, ತಾರಸಿಯ ಮೆಟ್ಟಿಲಿಳಿದು, ಬರಿಮೈಯಲ್ಲಿ ಠೀವಿಯಿಂದ ಊಟದ ಕೋಣೆಗೆ ಬಂದು ಜಲಜಾಕ್ಷಿಯ ಕಾಲಿಗೆ ಒರಗಿ ನಿಂತಿತು.

ರತ್ನಾವತಿ ತಟ್ಟೆ ನೋಡಿದಳು, ಕೋಳಿ ನೋಡಿದಳು. ಊರಿನ ಪಂಕ್ತಿಗಳೆಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಧ್ವನಿ ತಗ್ಗಿಸಿದಳು.

"ಜಲಜಾ, ನಾನು ಊರ ಕೋಳಿ ಅಂತ ಹೇಳಿದ್ದು ಮಂಗಳೂರಿಗೆ ಮುಟ್ಟಬಾರ್ದು."

"ಕೆಂಚಿಯನ್ನು ಯಾರೂ ಮುಟ್ಟದಿದ್ರೆ ಮುಟ್ಟುದಿಲ್ಲ ಅತ್ತಿಗೆ" ಎಂದಳು ಜಲಜಾಕ್ಷಿ, ಕೋಳಿಯನ್ನು ಎದೆಗಪ್ಪಿಕೊಂಡು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಈ ಸಲ ನೀರುಳ್ಳಿ ಇರಲಿಲ್ಲ.

ಜನವರಿ ಕಳೆಯುವಷ್ಟರಲ್ಲಿ ಕೆಂಚಿಗೆ ಮೊದಲಿಗಿಂತ ಕೆಂಪಾದ ಗರಿ ಬಂತು, ಯಾರ ಸಹಾಯವೂ ಇಲ್ಲದೆ, ತನ್ನಷ್ಟಕ್ಕೆ. ಯಂತ್ರ ನಿಧಾನವಾಗಿ ಕೆಲಸ ಮಾಡಿದೆ ಎಂದು ವಾಮನ ಈಗಲೂ ಸಾಧಿಸುತ್ತಾನೆ. ಅಂದಿನ ಗರಿಗಳನ್ನೆಲ್ಲ ತೊಳೆದು ತುಂಬಿಸಿ ಜಲಜಾಕ್ಷಿ ಹೊಲಿದುಕೊಟ್ಟ ತಲೆದಿಂಬನ್ನು ರತ್ನಾವತಿ ಊರಿಗೆ ಒಯ್ದಿದ್ದಳು. ಮೊನ್ನೆ ಅವಳ ಫೋನ್ ಬಂತು.

"ಎಷ್ಟು ಬಿಸಿಲಿಗಿಟ್ರೂ ದಿಂಬಿನಿಂದ ಗಸಿಯ ಪರಿಮಳ ಹೋಗುದಿಲ್ಲ ಜಲಜಾ. ತಲೆ ಇಟ್ಟ ಕೂಡಲೇ ಹಸಿವಾಗ್ತದೆ!" ಎಂದವಳು ಸೇರಿಸಿದಳು: "ಊರ ಕೋಳಿಯದ್ದಾಗಿದ್ರೆ ಹೀಗೆ ಆಗ್ತಿರ್ಲಿಲ್ಲ."