ಗಿರಣಿಗೆ ಮುಯ್ಯಿ ತಿರುಗಿಸಲು ಹೊರಟ ಮಾವ

ಒಮ್ಮೆಲೇ ಕೈತುಂಬಾ ದುಡ್ಡು ಕಂಡ ನಮ್ಮ ಸೋದರಮಾವನಿಗೆ ಬುದ್ಧಿ ಕೆಟ್ಟಿತು, ಮುಪ್ಪಿಗೆಂದು ಇದ್ದ ಗಂಟನ್ನೆಲ್ಲ ತಿಂದು ತೇಗಿದ! ಬಳ್ಳಾರಿಯಿಂದ ಸಿರುಗುಪ್ಪದವರೆಗೆ ನಮ್ಮ ಬಳಗದ ಸರ್ವಾನುಮತದ ತೀರ್ಪು ಇದು. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನಾನು ಕಲಿತದ್ದು ಒಂದೇ: ಸರ್ವಾನುಮತ ಕಂಡರೆ ಅನುಮಾನಪಡು. ತಿಂದದ್ದು ನಿಜ. ತೇಗಿದ್ದು ಸುಳ್ಳು! ರೊಟ್ಟಿ, ಪುಂಡಿಪಲ್ಯ ತಿಂದವರು ಎಷ್ಟು ತೇಗಿಯಾರು?

ನಡೆದದ್ದು ಇಷ್ಟು. ಮಾವ ದುಡಿಯುತ್ತಿದ್ದ ನೂಲಿನ ಗಿರಣಿ ಮುಚ್ಚಿತು. ಕೆಲಸದಿಂದ ತೆಗೆದದ್ದಕ್ಕೆ ಪರಿಹಾರವೆಂದು ಒಂದು ಮೊತ್ತ ಕೊಟ್ಟರು. ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದಿಟ್ಟಿದ್ದ ಪ್ರಾವಿಡೆಂಟ್ ಫಂಡೂ ಕೈಗೆ ಬಂತು. ಬೇರೆ ಕೆಲಸ ಸಿಗುವತನಕ ಪರಿಹಾರದಲ್ಲಿ ಬದುಕಬೇಕು, ಫಂಡನ್ನು ಮುಪ್ಪಿಗೆ ಇಡಬೇಕು, ಅಲ್ಲವೆ? ನಮ್ಮ ಮಾವ ಪರಿಹಾರವನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದರು. ಫಂಡನ್ನು ಬಿಚ್ಚಿ ಬ್ರೂಸ್‌ಪೇಟೆಯಲ್ಲಿ ಜೋಳ ಕೊಂಡರು!

"ಮಾವ, ಉಲ್ಟಾ ಮಾಡಾಕತ್ತೀರಿ," ಎಂದೆ.

"ಲೇ, ಫಂಡು ನನ್ನ ಬೆವರಿಂದು, ತಿಂತೀನಿ. ಪರಿಹಾರ ಅಂದ್ರ ದುಡೀಲಾರದ ಬಂದ ರೊಕ್ಕ. ಮದುವ್ಯಾಗ ಮುಯ್ಯಿ ಬಂದಂಗ. ಅವರ ಮನ್ಯಾಗ ಕಾರ್ಯ ಆದಾಗ ತಿರುಗಿ ಹಾಕಬೇಕು."

"ಗಿರಣಿಗೆ ಯಾವ ಕಾರ್ಯರೀ? ಅದಕ್ಕೇನು ಮಗಳು ಅದಾಳಾ?"

"ಮತ್ತ ಬಾಗಿಲು ತೆಗೀತದಲ್ಲ, ಅದ ಕಾರ್ಯ. ಪರಿಹಾರ ತಿರುಗಿ ಕಟ್ಟಿದವರಿಗೆ ಹಳೇ ನಂಬರು, ಹಳೇ ಮಷೀನು. ಗಿರಣಿ ಮೇಸ್ತ್ರಿ ಹೇಳ್ಯಾರ."

ಪದಕಗಳನ್ನು ಗೆದ್ದ ನನ್ನ ವಾದ ಅಲ್ಲಿಗೆ ಮಕಾಡೆ ಮಲಗಿತು.

ಅತ್ತೆಗೆ ದವಡೆ ಹಲ್ಲಿನ ನೋವು ಎದ್ದಾಗಲೂ ಇದೇ ಪಾಡು.

"ಟ್ರಂಕಿನಾಗಿಂದು ತೆಗೀರಿ, ಡಾಕ್ಟರ ಹಂತ್ಯಾಕ ಹೋಗೂಣು," ಎಂದರು ಅತ್ತೆ.

"ಅದು ಗಿರಣೀದು."

"ಹಂಗಾರ ಹಲ್ಲೂ ಗಿರಣೀದ ಅನ್ರಿ, ಅವರ ಬಂದು ಕೀಳಲಿ!"

ಗಾಂಧಿನಗರದ ಸೈಕಲ್ ಅಂಗಡಿಯವರು ಕೆಲಸಕ್ಕೆ ಕರೆದರೂ ಮಾವ ಹೋಗಲಿಲ್ಲ. ನಾಳೆ ಗಿರಣಿಯವರು ಕರೆದರೆ? ಹಬ್ಬ ಹಬ್ಬಕ್ಕೂ ಬಾಳೆಹಣ್ಣು ಹಿಡಿದು ಕುರುಗೋಡಿನಲ್ಲಿದ್ದ ಆ ಮೇಸ್ತ್ರಿಯ ಮನೆಗೆ ಹೋಗುತ್ತಿದ್ದರು. ಮೇಸ್ತ್ರಿ ಹಣ್ಣು ಸುಲಿಯುತ್ತಾ, "ಉಗಾದಿಗೆ ಪಕ್ಕಾ," ಎನ್ನುತ್ತಿದ್ದ. ಉಗಾದಿ ಹೋದರೆ ದೀಪಾವಳಿ. ಇದು ಬರೀ ಸಮಾಧಾನದ ಮಾತೆ? ಗಿರಣಿ ತೆಗೆಯುತ್ತದೆಂಬ ಆಸೆ ಇರುವತನಕ ಯಾರೂ ಗೇಟಿನ ಮುಂದೆ ಕೂತು ಧಿಕ್ಕಾರ ಕೂಗುವುದಿಲ್ಲ! ಆಸೆ ಹಂಚುವವನನ್ನು ಮಾಲೀಕರು ಯಾಕೆ ಕೈಬಿಟ್ಟಾರು? ಅತ್ತ ಜೋಳದ ದರ ಏರುತ್ತಿತ್ತು, ಟ್ರಂಕಿನ ನೋಟಿನ ಬೆಲೆ ಸವೆಯುತ್ತಿತ್ತು, ಫಂಡು ಕರಗುತ್ತಿತ್ತು. ಕೊನೆಗೆ ಫಂಡು ಮುಗಿಯಿತು.

ಒಂದು ಬೆಳಿಗ್ಗೆ ಗಿರಣಿಯ ಗೇಟು ತೆರೆದಿದೆ ಎಂಬ ಸುದ್ದಿ ಬಂತು. ಮಾವ ಇಸ್ತ್ರಿಯ ಅಂಗಿ ತೊಟ್ಟು, ಟ್ರಂಕಿನ ಗಂಟು ಬಗಲಿಗಿಟ್ಟು, ನನ್ನನ್ನೂ ಎಳೆದುಕೊಂಡು ಓಡಿದರು. ಒಳಗೆ ಲಾರಿಗಳು ನಿಂತಿದ್ದವು. ಯಂತ್ರಗಳನ್ನು ಬಿಚ್ಚಿ ಗುಜರಿಗೆ ಹೇರುತ್ತಿದ್ದರು. ಹೇರಿಸುತ್ತಿದ್ದವನು ಅದೇ ಮೇಸ್ತ್ರಿ.

ನನಗೆ ಮೈಯೆಲ್ಲ ಉರಿಯಿತು. ಮಾವ ಬೈಯಲಿಲ್ಲ. ಲಾರಿಯ ಮೇಲಿದ್ದ ತಮ್ಮ ಯಂತ್ರವನ್ನು ಹುಡುಕಿ, ಹೆಗಲ ಟವೆಲ್ಲಿನಿಂದ ಅದರ ಧೂಳು ಒರೆಸಿದರು. ಆಮೇಲೆ ಗಂಟನ್ನು ಎರಡೂ ಕೈಯಲ್ಲಿ ಚಾಚಿದರು.

"ಮೇಸ್ತ್ರೀ, ಒಂದು ರೂಪಾಯಿ ಮುಟ್ಟಿಲ್ಲ. ಎಲ್ಲಾ ತಗೋರಿ. ಇದೊಂದ ಮಷೀನು ಇಳಿಸ್ರಿ."

ಮೇಸ್ತ್ರಿ ಹಗ್ಗ ಬಿಗಿಯುವವರ ಕಡೆ ಮುಖ ತಿರುಗಿಸಿದ. ನಾನು ಅಡ್ಡ ಹೋಗಿ ನಿಂತು ಕೇಳಿದೆ:

"ಮೇಸ್ತ್ರೀ, ಈ ಗಿರಣಿ ಇನ್ನ ತೆಗೆಯಂಗಿಲ್ಲ ಅಂತ ನಿಮಗ ಯಾವಾಗ ಗೊತ್ತಾತು?"