ಬೆನ್ನು ಹಾಕಿ ನೋಡಿದ ಬೋರ್ಡು

ಹಳೆಯ ಬೋರ್ಡು ಕಂಡರೆ ನಿಲ್ಲುವುದು ನನ್ನ ಚಾಳಿ. ನಿಂತರೆ ಏನಾದರೊಂದು ಆಗಿಯೇ ಆಗುತ್ತದೆ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮೂವತ್ತು ವರ್ಷ ಬೋರ್ಡು ಬರೆದವನು ನಾನು. ಫ್ಲೆಕ್ಸ್ ಬಂತು, ಕುಂಚ ತೊಳೆದಿಟ್ಟೆ. ನಾನು ಬರೆದವುಗಳಲ್ಲಿ ಈಗ ಉಳಿದಿರುವುದು ಒಂದೇ, ಕಲ್ಯಾಣದ ಒಂದು ಉಡುಪಿ ಹೋಟೆಲಿನ ಗೋಡೆಯಲ್ಲಿ. ಅದಾದರೂ ಉಳಿಯಲಿ ಎಂಬುದಷ್ಟೇ ಆಸೆ.

ಠಾಣೆ

ಅಂಗಡಿ ಬೋರ್ಡು ಮರಾಠಿಯಲ್ಲೇ ಇರಬೇಕೆಂದು ಗಲಾಟೆ ನಡೆಯುತ್ತಿದ್ದ ದಿನಗಳು. ಠಾಣೆ ರೈಲ್ವೆ ಸ್ಟೇಷನ್ ಹತ್ತಿರ ಒಂದು ಕೊಡೆ ರಿಪೇರಿ ಅಂಗಡಿ. ತಗಡಿನ ಮೇಲೆ ಇಂಗ್ಲಿಷ್ ಅಕ್ಷರ, ಪ್ರತಿಯೊಂದಕ್ಕೂ ಕೆಂಪು ನೆರಳು. ಕೈ ಅಲುಗದವನ ಕೆಲಸ. ಚೀಟಿ ತೆಗೆದು ನಕಲು ಮಾಡಿಕೊಳ್ಳತೊಡಗಿದೆ. ಅಂಗಡಿಯವನು ಓಡಿ ಬಂದ.

"ಸಾಹೇಬ್, ಚಾಯ್ ಲೀಜಿಯೆ. ನೋಟಿಸ್ ಮತ್ ಭೇಜಿಯೆ."

ನೋಟಿಸ್ ಕಳಿಸುವುದಕ್ಕೆ ನಾನು ಮುನ್ಸಿಪಾಲಿಟಿಯವನಲ್ಲ ಎಂದೆ. ಎಲ್ಲರೂ ಮೊದಲು ಹಾಗೇ ಹೇಳುತ್ತಾರೆ ಎಂದು ಬಿಸ್ಕತ್ತೂ ತರಿಸಿದ.

ಮರುವಾರ ಹೋದರೆ ತಗಡು ಇಲ್ಲ. ಹೊಸ ಮರಾಠಿ ಫ್ಲೆಕ್ಸ್. ನನ್ನನ್ನು ಕಂಡವನೇ ಕೂತಲ್ಲಿಂದಲೇ ಬೆರಳೆತ್ತಿ ಅದನ್ನು ತೋರಿಸಿದ. ಈ ಸಲ ಚಹಾ ಇರಲಿಲ್ಲ.

ವಿಠ್ಠಲವಾಡಿ

ಸುಮ್ಮನೆ ನಿಂತದ್ದೇ ತಪ್ಪು, ಬಾಯಿ ಬಿಟ್ಟು ಹೇಳಬೇಕು ಅಂದುಕೊಂಡೆ. ಇಲ್ಲಿ ಹಿಟ್ಟಿನ ಗಿರಣಿ. ಮರದ ಹಲಗೆಯ ಮೇಲೆ ಹೊಟ್ಟೆ ದುಂಡಗಿನ ಮರಾಠಿ ಅಕ್ಷರ. ಹಿಟ್ಟು ಕೂತು ಇನ್ನೂ ಚೆನ್ನಾಗಿತ್ತು. ಗಿರಣಿ ನಡೆಸುವ ಹೆಂಗಸಿಗೆ ಹೇಳಿದೆ, "ನಾನು ಮುನ್ಸಿಪಾಲಿಟಿ ಅಲ್ಲ. ಬೋರ್ಡು ನೋಡ್ತಿದ್ದೇನೆ. ಬಹಳ ಹಳೇದು."

"ಹಳೇದು ಅಂತ ನಮಗೂ ಗೊತ್ತು ಕಾಕಾ. ದಾರೀಲಿ ಹೋಗೋರೆಲ್ಲ ಹೇಳ್ಬೇಕಾ?"

"ಚೆನ್ನಾಗಿದೆ ಅಂದೆ."

"ಈಗ ಸಮಾಧಾನ ಮಾಡ್ಬೇಡಿ."

ನಾಲ್ಕನೇ ದಿನ ಹಲಗೆಯಿದ್ದ ಜಾಗದಲ್ಲಿ ಫ್ಲೆಕ್ಸ್. ಒಂದು ಬದಿಗೆ ಗಣಪತಿ, ಇನ್ನೊಂದು ಬದಿಗೆ ಅದೇ ಹೆಂಗಸು. ಗಣಪತಿ ನಗುತ್ತಿದ್ದ.

ಕಲ್ಯಾಣ

ಹೆಂಡತಿ ಹೇಳಿದಳು, "ಕಲ್ಯಾಣದ್ದು ಉಳೀಬೇಕಾದ್ರೆ ನೀವು ಅದನ್ನು ನೋಡ್ಬೇಡಿ."

ನೋಡದೆ ಇರಲಾಗಲಿಲ್ಲ. ಆ ಬೋರ್ಡಿಗೆ ಬೆನ್ನು ಹಾಕಿ ಕೂತು, ಎದುರು ಕೈ ತೊಳೆಯುವ ಬೇಸಿನ್ನಿನ ಮೇಲಿದ್ದ ಕನ್ನಡಿಯಲ್ಲಿ ನೋಡುತ್ತಿದ್ದೆ. ತಿಂಡಿಗಳ ಪಟ್ಟಿ, ಕನ್ನಡದಲ್ಲಿ. ಕನ್ನಡಿಯಲ್ಲಿ ಅಕ್ಷರ ತಿರುಗುತ್ತದೆ, ಆದರೆ ಸಾಲು ಸೊಟ್ಟ ಇದ್ದರೆ ತಿಳಿಯುತ್ತದೆ. ಸೊಟ್ಟ ಇರಲಿಲ್ಲ. ಕೊನೆಯ ಸಾಲು ಮಾತ್ರ ಖಾಲಿ.

ಮೂರು ತಿಂಗಳು ಹೀಗೆ ಕಾಫಿ ಕುಡಿದೆ. ಒಂದು ದಿನ ಮಾಲಕರು ಬಂದು ಎದುರು ಕೂತರು. ತಂದೆಯ ನಂತರ ಹೋಟೆಲು ವಹಿಸಿಕೊಂಡವರು. ನನ್ನ ಗುರುತಿಲ್ಲ.

"ನಿಮಗೆ ಆ ಹಳೇ ಬೋರ್ಡು ಕಂಡ್ರೆ ಆಗೂದಿಲ್ಲ ಅಲ್ವಾ?"

"ಯಾರು ಹೇಳಿದ್ದು?"

"ಹೇಳ್ಬೇಕಾ ಮಾರಾಯ್ರೆ? ಇಡೀ ಹೋಟ್ಲು ಖಾಲಿ ಇದ್ರೂ ಇಲ್ಲೇ ಕೂತು, ಜನ ಬಾಯಿ ಮುಕ್ಕಳಿಸೂದು ನೋಡ್ಕೊಂಡು ಕಾಫಿ ಕುಡೀತೀರಿ. ನಾಳೆ ತೆಗೆಸ್ತೇನೆ."

"ತೆಗೀಬೇಡಿ. ಅದು ನಾನು ಬರೆದದ್ದು."

ಅವರು ಬೋರ್ಡು ನೋಡಿದರು. ನನ್ನನ್ನು ನೋಡಿದರು.

"ಸೋಮವಾರ ಬಂದು ಮುಗಿಸ್ತೇನೆ ಅಂತ ಹೋದ ಪೈಂಟರ್ ನೀವಾ? ಅಪ್ಪ ಇರುವಷ್ಟು ದಿನ ಅದನ್ನು ಮುಟ್ಲಿಕ್ಕೆ ಬಿಡ್ಲಿಲ್ಲ. ಬರ್ತಾನೆ, ಬರ್ತಾನೆ ಅಂತ."

"ಮಳೆ ಇತ್ತು" ಎಂದೆ.

"ಇಪ್ಪತ್ತೆರಡು ವರ್ಷವಾ?"

ಕಾಫಿ ಕುಡಿದೆ.

"ಕೊನೇ ಸಾಲು ಬರೆದು ಮುಗಿಸಿದ್ರೆ ಬೋರ್ಡು ಇರ್ತದೆ. ಇಲ್ಲದಿದ್ರೆ ನಾಳೆ ಇಳಿಸ್ತೇನೆ."

"ಬರೀತೇನೆ. ಕುಂಚ ಮನೇಲಿದೆ, ತರ್ತೇನೆ."

"ಯಾವಾಗ?"

ಅಭ್ಯಾಸ. "ಸೋಮವಾರ" ಎಂದುಬಿಟ್ಟೆ.

ಮಾಲಕರು ಎದ್ದು ಬಾಗಿಲ ಬಳಿ ಇದ್ದ ಸಪ್ಲೈಯರ್‌ಗೆ ಹೇಳಿದರು, "ಇವರನ್ನು ಹೊರಗೆ ಬಿಡ್ಬೇಡ. ಕುಂಚ ನಾನೇ ತರ್ತೇನೆ."