ಕಂಪ್ಯೂಟರ್ ಗಿಡಕ್ಕ ಯಜಮಾನ ಯಾರು?

ಹಾನಗಲ್ಲಿನ ಕಾಲೇಜಿನ್ಯಾಗ ನಾನು ಕಂಪ್ಯೂಟರ್ ಕಲಿಸ್ತೇನಿ. ಬೈನರಿ ಸರ್ಚ್ ಟ್ರೀ ಪಾಠ ಬಂತಂದ್ರ ನಗೂನೂ ಬರತೈತಿ, ಸಿಟ್ಟೂ ಬರತೈತಿ. ಅದೊಂದು ಅಂಕಿಗಳ ಗಿಡ. ಯಾವ ಅಂಕಿ ಹಿಡಿದ್ರೂ ಅದರ ಎಡಕ್ಕ ಸಣ್ಣವು, ಬಲಕ್ಕ ದೊಡ್ಡವು. ನಿಯಮ ಇಷ್ಟ. ಇಷ್ಟರಾಗ ನಮ್ಮ ಹುಡುಗ್ರು ಎಷ್ಟು ತರದ ತಪ್ಪು ಮಾಡ್ತಾರಂತೀರಿ!

ಗೂಡ್ಸ್ ಗಾಡಿ

ಸವಣೂರು ಕಡೀ ಹುಡುಗ ಅಂಕಿಗಳನ್ನ ಸಣ್ಣದರಿಂದ ದೊಡ್ಡದಕ್ಕ ಸಾಲಾಗಿ ತುಂಬಿದ. ಎಲ್ಲಾವೂ ಬಲಕ್ಕ ಒಂದರ ಹಿಂದ ಒಂದು ಜೋತುಬಿದ್ದವು.

“ಲೇ, ಇದು ಗಿಡ ಅಲ್ಲೋ, ಯಲವಿಗಿ ಸ್ಟೇಷನ್ನಿನ ಗೂಡ್ಸ್ ಗಾಡಿ!” ಅಂದೆ.

“ಇರ್ಲಿ ಬಿಡ್ರಿ ಮೇಡಂ. ಹುಡುಕಿದ್ರ ಸಿಗತೈತಿ, ಕಡೀ ಡಬ್ಬಿತನಾ ನಡೀಬೇಕಷ್ಟ.”

ಅಜ್ಜನ್ನ ಕೇಳಬ್ಯಾಡ್ರಿ

ಗಿಡದಾಗಿನ ತಪ್ಪು ಹಿಡಿಯೂ ಕೋಡ್ ಬರಿ ಅಂದ್ರ, ಶಿಗ್ಗಾವಿ ಹುಡುಗಿ ಪ್ರತಿ ಅಂಕಿನೂ ಅದರ ಅಪ್ಪ, ಅಂದ್ರ ನೆಟ್ಟಗ ಮ್ಯಾಲಿನ ಅಂಕಿ ಕೂಡ ಅಷ್ಟ ಹೋಲಿಸಿದ್ಲು. ಅದಕ್ಕೂ ಮ್ಯಾಲಿನ ಅಜ್ಜನ ಕೂಡ ತಕರಾರಿದ್ರೂ ಆಕಿ ಕೋಡ್ ‘ಎಲ್ಲಾ ಸರಿ ಐತಿ’ ಅಂತಿತ್ತು.

“ಅಜ್ಜನ್ನ ಯಾಕ ಬಿಟ್ಟೆವಾ?”

“ನಮ್ಮನ್ಯಾಗೂ ಅಪ್ಪ, ಅಣ್ಣ ಹೊಂದ್ಕೊಂಡ ಅದಾರ್ರಿ. ಅಜ್ಜನ್ನ ಕೇಳಿದ ಮ್ಯಾಲನ ಗದ್ಲ ಚಾಲೂ ಆಗೂದು.”

ಐವತ್ತು ಹೋದ ಮ್ಯಾಲ

ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದಿದ್ರು. ಹಂಸಭಾವಿಯ ಹುಡುಗ ಆಗಲೇ ಒಮ್ಮೆ ಫೇಲಾಗಿದ್ದ. ಈ ಸಲಾನೂ ಫೇಲಾದ್ರ ಮನ್ಯಾಗ ಓದು ಬಿಡಸ್ತಾರ ಅಂತ ನನಗ ಗೊತ್ತಿತ್ತು. ಅವನಕಿಂತ ನನಗ ಹೆಚ್ಚು ಕಾಳಜಿ ಹತ್ತಿತ್ತು.

ಗಿಡದಾಗ ಎಲ್ಲಾಕ್ಕಿಂತ ಮ್ಯಾಲ, ಯಜಮಾನನ ಜಾಗಾದಾಗ ಐವತ್ತು. ಅದನ್ನ ತಗಿ ಅಂದ್ರು. ತಗದ. ಅವನ ಕೋಡ್ ಎಲ್ಲಾಕ್ಕಿಂತ ದೊಡ್ಡದಾದ ಎಂಬತ್ತನ್ನ ಆ ಜಾಗಾಕ್ಕ ಕುಂಡ್ರಿಸ್ತು. “ಈಗ ಅರವತ್ತನ್ನ ಹುಡುಕು,” ಅಂದ್ರು. ಇಲ್ಲ ಅಂತು! ಅರವತ್ತು ಎಂಬತ್ತಕ್ಕಿಂತ ಸಣ್ಣದಂತ, ಬಲಕ್ಕ ಕುಂತಿದ್ದನ್ನ ಅದು ಎಡಕ್ಕ ಹುಡುಕಾಕತ್ತಿತ್ತು.

“ಎಂಬತ್ತನ್ನ ಯಾಕ ಕುಂಡ್ರಿಸಿದಿ?” ಪರೀಕ್ಷಕರು ಕೇಳಿದ್ರು.

“ನಮ್ಮನ್ಯಾಗ ಅಜ್ಜ ಹೋದ ಮ್ಯಾಲ ಎಲ್ಲಾರಿಗಿಂತ ದೊಡ್ಡಾವ್ರು ಅಂತ ದೊಡ್ಡಪ್ಪ ಯಜಮಾನ ಆದ್ರು ರೀ.”

ನಾ ಹಣಿ ಹಣಿ ಬಡ್ಕೊಂಡೆ. “ತಿದ್ದು, ಇಲ್ಲಂದ್ರ ಫೇಲ್,” ಅಂದ್ರು ಪರೀಕ್ಷಕರು. ಹುಡುಗ ಬೆವರು ಒರಸ್ಕೋತ ಬರದ, ಅಳಿಸಿದ, ಮತ್ತ ಬರದ. ಓಡಿಸಿದ. ಅರವತ್ತು ಸಿಕ್ತು! ಎಲ್ಲಾವೂ ಸಿಕ್ಕವು. ನನಗ ಹೋದ ಜೀವ ಬಂದಂಗಾತು.

“ಏನ್ ಮಾಡಿದೆಪಾ?” ನಾ ಕೇಳಿದೆ.

“ಬಲಗಡಿ ಇದ್ದಾವ್ರೊಳಗ ಎಲ್ಲಾರಿಗಿಂತ ಸಣ್ಣಾವನ್ನ ತಂದು ಯಜಮಾನ ಮಾಡಿದ್ನಿ ರೀ.”

ಪರೀಕ್ಷಕರು ಪಾಸ್ ಮಾಡಿ ನಕ್ರು. “ನಿಮ್ಮನ್ಯಾಗೂ ಹಿಂಗ ಮಾಡಿ ನೋಡ್ರಲ್ಲ!”

“ನಾ ಯಾವಾಗಿದ್ರೂ ತಯಾರ್ ಅದೇನ್ರಿ ಸರ್. ಮನ್ಯಾಗ ಎಲ್ಲಾರಿಗಿಂತ ಸಣ್ಣಾವ ನಾನ!”